ವರ್ಷದ ವ್ಯಕ್ತಿ

“ಒಪ್ಪಿಗೆ ಇರೋರು ಕೈ ಎತ್ತಿ” ಎಂದು ಲ್ಯಾಪ್‌ಟಾಪಿನಲ್ಲಿ ಕೋಚ್ ಕಾನರ್ ಹೇಳಿದಾಗ, ವಸುಧಾಳೊಬ್ಬಳನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಲಾಕ್‌ಡೌನಿನಿಂದಾಗಿ, ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಐರಿಷ್ ಆಟವಾದ ಗೇಲಿಕ್ ಫುಟ್‌ಬಾಲಿನ ಅವರ ಕ್ವಾಲಾಲಂಪುರದ ಕ್ಲಬ್ಬು ಒಂದೇ ಒಂದು ಪಂದ್ಯ ಆಡಿರಲಿಲ್ಲ. ಆದರೂ ವರ್ಷದ ವ್ಯಕ್ತಿಯನ್ನು ಆರಿಸಲೇಬೇಕಂತೆ. ಆರಿಸಿದ್ದಾದರೂ ಯಾರನ್ನು? ಅವಳ ಅತ್ತೆಯನ್ನು.

ತಿಂಗಳ ಮಟ್ಟಿಗೆಂದು ಮೈಸೂರಿನಿಂದ ಕ್ವಾಲಾಲಂಪುರದ ಪಕ್ಕದ ಪುಚೊಂಗ್‌ನಲ್ಲಿದ್ದ ಮಗ-ಸೊಸೆಯ ಮನೆಗೆ ಬಂದು ಸಿಕ್ಕಿಹಾಕಿಕೊಂಡಿದ್ದ ವಿಶಾಲಾಕ್ಷಮ್ಮ, ವಸುಧಾ ಕ್ಲಬ್ಬಿಗೆ ಕಳಿಸಿದ ಪ್ರತಿ ಅಭ್ಯಾಸದ ವೀಡಿಯೊದಲ್ಲೂ ಸೆರಗು ಸಿಕ್ಕಿಸಿ, ಗೊಣಗುತ್ತ ಚೆಂಡು ಎಸೆಯುತ್ತಿದ್ದರು. ಅದನ್ನು ಹಾರಿ ಹಾರಿ ಹಿಡಿದು ಭುಜ ನೋಯಿಸಿಕೊಂಡವಳು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಅವರಿಗೆ ಈ ಆಟದ ಹೆಸರೂ ಗೊತ್ತಿಲ್ಲ ಕಾನರ್” ಎಂದು ವಸುಧಾ ರೇಗಿದಳು. “ನಾನಂತೂ ಕೈ ಎತ್ತಲ್ಲ.”

ಅಡುಗೆಮನೆ ಬಾಗಿಲಲ್ಲಿ ಚೆಂಡು ಹಿಡಿದು ನಿಂತಿದ್ದ ಅತ್ತೆಗೆ ಅವರ ಇಂಗ್ಲಿಷು ಅರ್ಥವಾಗಲಿಲ್ಲ. ಅಭ್ಯಾಸದ ಹೊತ್ತು ಮೀರುತ್ತಿದೆ ಎಂಬುದಷ್ಟೇ ಗೊತ್ತು.

“ಇನ್ನೂ ಎಷ್ಟೊತ್ತೇ ನಿಂದು? ಅಲ್ಲಿ ಸಾರು ಕುದೀತಿದೆ. ಹಿಡ್ಕೊ.”

ಚೆಂಡು ಫ್ಯಾನಿನ ಎತ್ತರಕ್ಕೆ ಹಾರಿತು. ವಸುಧಾಳ ಎರಡೂ ಕೈ ತಾವಾಗಿಯೇ ಮೇಲೆದ್ದವು.

“ಸರಿ, ಸರ್ವಾನುಮತ” ಎಂದ ಕಾನರ್.