ಉಪ್ಪುನೀರು

ಭ್ರಮರಾಂಬ ಬಿಸ್ಕತ್ತಿನ ಡಬ್ಬಿ ತೆರೆದು ಸುಮಿತ್ರಾಳ ಮುಂದಿಟ್ಟಳು. ಕೌದಿ ಹೊಲಿಯುವುದನ್ನು ಕಲಿಯಬೇಕೆಂದು ವಿಜಯವಾಡದ ಬೀಸೆಂಟ್ ರೋಡನ್ನೆಲ್ಲ ಸುತ್ತಿ ತಂದ ಸರಂಜಾಮು: ಥಳಥಳಿಸುವ ಕತ್ತರಿ, ಟೇಪು, ಸೂಜಿಗಳ ಪೊಟ್ಟಣ, ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೊಪ್ಪಿಗೆ ಕೂಡ.

"ಇಷ್ಟು ಸಾಕಾ ಅಕ್ಕಾ? ಇನ್ನೇನಾದ್ರೂ ಬೇಕಾ ಅಂಡಿ?" ಪಕ್ಕದ ಮನೆಯ ಈ ತೆಲುಗು ಸೊಸೆಯ ತಾಯಿ ರಾಯಚೂರಿನವಳು. ಹಾಗಾಗಿ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ.

ಸುಮಿತ್ರಾ ಕತ್ತರಿಯನ್ನು ಎತ್ತಿ ನೋಡಿ ಮತ್ತೆ ಡಬ್ಬಿಗೆ ಹಾಕಿದಳು. ಬ್ಯಾಂಕಿನಲ್ಲಿದ್ದ ಗಂಡನ ಹಿಂದೆ ಧಾರವಾಡದಿಂದ ಬಂದ ಅವಳ ಬಳಿ ಇದ್ದದ್ದು ಕ್ಯಾಲೆಂಡರಿಗೆ ಚುಚ್ಚಿಟ್ಟ ಒಂದು ಸೂಜಿ, ದಾರ ಕಡಿಯಲು ಹಲ್ಲು. ಅಷ್ಟರಿಂದಲೇ ಓಣಿಗೆಲ್ಲ ಕೌದಿಯ ಸುಮಿತ್ರಾ ಎನಿಸಿಕೊಂಡಿದ್ದಳು. ಮೂಗಿಗಿಂತ ಮೂಗುತಿ ಭಾರ ಅಂದುಕೊಂಡಳು.

"ಸಾಕ್ ಬಿಡವಾ, ಇನ್ನ ಅಂಗಡಿನ ತಗೀಬೌದು" ಎಂದು ನಕ್ಕು, ತನ್ನ ಗಂಡನ ಹಳೆಯ ಬಿಳಿ ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಗೆ ತೋರಿಸಿಕೊಟ್ಟಳು.

ಹುಡುಗಿಯ ಕೈ ಚುರುಕು. ಕೆಲವೇ ದಿನಗಳಲ್ಲಿ ಅವಳ ಹೊಲಿಗೆ ಇರುವೆ ಸಾಲಿನಂತೆ ಓಡತೊಡಗಿತು. ಎದುರುಮನೆಯ ರಾಜ್ಯಲಕ್ಷ್ಮಿ ಬಗ್ಗಿ ನೋಡಿ, "ಗುರುವನ್ನೇ ಮೀರಿಸಿದಳಲ್ಲ!" ಎಂದಳು. ಅಂದು ಸುಮಿತ್ರಾಳಿಗೆ ಊಟ ಸೇರಲಿಲ್ಲ.

ಮರುದಿನ ಭ್ರಮರಾಂಬ ಅಂಚಿಗೆಂದು ಹೊಸ ಕೆಂಪು ಬಟ್ಟೆ ತಂದಳು. "ಹಂಗೇ ಹೊಲಿಬಹುದಾ ಅಕ್ಕಾ?"

ಕೆಂಪು ಬಟ್ಟೆ ಬಣ್ಣ ಬಿಡುತ್ತದೆ, ಮೊದಲು ಉಪ್ಪುನೀರಿನಲ್ಲಿ ನೆನೆಸಿ ಒಗೆಯಬೇಕು. ಈ ಮಾತು ಸುಮಿತ್ರಾಳ ನಾಲಿಗೆಯ ತುದಿಗೆ ಬಂತು. ದಾರದ ಜೊತೆಗೆ ಅದನ್ನೂ ಹಲ್ಲಿನಲ್ಲಿ ಕಡಿದಳು. "ಹೊಲಿ, ಛಂದ ಕಾಣ್ತದ." ಮೊದಲ ಒಗೆತಕ್ಕೇ ಇವಳ ಜಂಬ ಇಳಿಯಲಿ, ಓಣಿಯವರೆಲ್ಲ ನೋಡಲಿ!

ಅಷ್ಟರಲ್ಲಿ ಸುಮಿತ್ರಾಳ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುತ್ತಿರುವಾಗ ಭ್ರಮರಾಂಬ ಓಡಿಬಂದು ಕೌದಿಯನ್ನು ಸುಮಿತ್ರಾಳ ತೋಳಿಗೆ ಹಾಕಿದಳು. ಬಿಳಿಯ ನಟ್ಟನಡುವೆ, ಯಾರಿಂದಲೋ ಬರೆಸಿಕೊಂಡು ನೀಲಿ ದಾರದಲ್ಲಿ ಹೊಲಿದ ಸೊಟ್ಟ ಅಕ್ಷರಗಳು: ಅಕ್ಕ.

"ಮೊದಲಿಂದ್ಲೂ ನಿಮಗೇ ಅಂತ ಹೊಲಿದಿದ್ದು. ಹೇಳಿದ್ರೆ ಬೇಡ ಅಂತಿದ್ರಿ." ಅವಳ ಕಣ್ಣು ತುಂಬಿತ್ತು. ಸುಮಿತ್ರಾ ಅಂಚಿನ ಕೆಂಪನ್ನು ಒಳಕ್ಕೆ ಮಡಿಸಿಕೊಂಡಳು.

ವಿಶಾಖಪಟ್ಟಣದಲ್ಲಿ ಅವಳು ಕೌದಿಯ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿಟ್ಟಳು. ಆದರೆ ಮಳೆಗಾಲದ ಕಡಲ ಗಾಳಿಗೆ ಬೂಷ್ಟು ಹಿಡಿಯಿತು. ಒಗೆಯದೆ ಗತಿಯಿರಲಿಲ್ಲ. ಮುಷ್ಟಿಗಟ್ಟಲೆ ಉಪ್ಪು ಸುರಿದಳು. ಹೊತ್ತು ಮೀರಿತ್ತು. ತಂತಿಗೆ ಹಾಕಿದಾಗ ಅಂಚಿನ ಕೆಂಪು ಬಿಳಿಯನ್ನೆಲ್ಲ ತಿಂದು ಅಕ್ಷರಗಳವರೆಗೂ ಹರಿದಿತ್ತು.

ಬಳ್ಳಾರಿ ಕಡೆಯ ಮನೆಯೊಡತಿ ಲಕ್ಷ್ಮೀಕಾಂತಮ್ಮ ಹತ್ತಿರ ಬಂದು, ವಿಜಯವಾಡದ ಹುಡುಗಿಯೊಬ್ಬಳು ಹೊಸದಾಗಿ ಕಲಿತು ಹೊಲಿದದ್ದೆಂದು ಕೇಳಿ ತಿಳಿದು, ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಅಯ್ಯೋ, ಎಷ್ಟು ಸಣ್ಣ ಹೊಲಿಗೆ ಹಾಕ್ಯಾಳ! ಕೆಂಪು ಬಟ್ಟಿ ಮೊದಲು ನೆನೆಸಬೇಕಂತ ಆ ಹುಡುಗಿಗೆ ಕಲಿಸಿದಾಕಿಗೆ ಗೊತ್ತಿರಲಿಲ್ಲೇನಮ್ಮ?"

ಕೌದಿಯಿಂದ ಕೆಂಪು ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಗೊತ್ತಿತ್ರಿ" ಎಂದಳು ಸುಮಿತ್ರಾ. "ಆಕಿಗೆ ಎಲ್ಲಾ ಗೊತ್ತಿತ್ತು."