ನಾಲ್ಕು ನಿಮಿಷ ತಡವಾಗಿ ಬಂದ ಹಕ್ಕಿ

"ನನ್ನ ಹಕ್ಕಿ ಹನ್ನೊಂದೂವರೆಗೆ, ನಿನ್ನದು ಹನ್ನೊಂದು ಮೂವತ್ನಾಲ್ಕಕ್ಕೆ. ಇನ್ನೇನಮ್ಮ ಮಾತು?" ಔಷಧಿ ಅಂಗಡಿಯ ಯಜಮಾನರು ತಮ್ಮ ಮತ್ತು ಟೈಲರಮ್ಮನ ಗಡಿಯಾರಗಳನ್ನೂ ಗಾಜಿನ ಮೇಜಿನ ಮೇಲಿಟ್ಟರು. ಪಾರಿವಾಳ ಸಂಘದ ಅಧ್ಯಕ್ಷರು ಅವರೇ, ಹನ್ನೆರಡು ವರ್ಷದಿಂದ ಕಪ್ ಗೆಲ್ಲುತ್ತಿರುವವರೂ ಅವರೇ. ಪಂದ್ಯಕ್ಕೆಂದು ಬೆಳಿಗ್ಗೆ ಏಳಕ್ಕೆ ದೂರದ ನಗರದಲ್ಲಿ ಹಾರಿಬಿಟ್ಟ ಹಕ್ಕಿಗಳೆಲ್ಲ ತಮ್ಮ ತಮ್ಮ ಗೂಡು ಸೇರಿಯಾಗಿತ್ತು.

ಟೈಲರಮ್ಮನ ಅಣ್ಣ ಬಾಗಿಲಲ್ಲೇ ನಿಂತಿದ್ದ. "ನಡಿ. ಸೋತ್ರೆ ಗೂಡು ಇಳಿಸಬೇಕು ಅಂತ ಮಾತಾಗಿತ್ತಲ್ಲ? ಮಧ್ಯಾಹ್ನ ಆ ಜಾಗಕ್ಕೆ ಟ್ಯಾಂಕ್ ಇಡೋಕೆ ನೀರಿನ ಟ್ಯಾಂಕಿನೋರು ಬರ್ತಾರೆ."

ಅವಳು ತನ್ನ ಮಾಳಿಗೆಯ ಮೇಲಿನ ಮೂವತ್ತೊಂದು ಹಕ್ಕಿಗಳಲ್ಲಿ ಇವತ್ತು ಹಾರಿದ ಈ ಬೂದು ಬಣ್ಣದ್ದನ್ನು ತಾಯಿ ಬಿಟ್ಟುಹೋದ ಮೇಲೆ ಕೈತುತ್ತು ಕೊಟ್ಟು ಸಾಕಿದ್ದಳು.

"ಸಾರ್, ದೂರ ಎಷ್ಟು ಅಂತ ಬರ್ಕೊಂಡಿದ್ದೀರಿ?"

"ಊರಿಂದ ಊರಿಗೆ ಇನ್ನೂರ ಹದಿನಾರು ಕಿಲೋಮೀಟರ್. ನಮ್ಮಪ್ಪನ ಕಾಲದಿಂದಲೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಅದು ನಿಮ್ಮ ಮಾಳಿಗೆಗೆ ಸಾರ್, ನನ್ನ ಮಾಳಿಗೆಗಲ್ಲ."

ಸಂಘದವರೆಲ್ಲ ಒಂದೇ ಬೀದಿಯವರು. ಹಾಗಾಗಿ ಮೊದಲು ಬಂದದ್ದೇ ಗೆದ್ದಂತೆ ಎಂದು ನಡೆದುಕೊಂಡು ಬಂದಿತ್ತು. ಹೊಳೆಯಾಚೆಯಿಂದ ಬಂದು ಸೇರಿದವಳು ಇವಳೊಬ್ಬಳೇ. ಸಂಘದ ನಿಯಮದ ಪುಸ್ತಕವನ್ನು ಪೂರ್ತಿ ಓದಿದವಳೂ ಬಹುಶಃ ಇವಳೊಬ್ಬಳೇ. ಗೂಡಿನವರೆಗಿನ ನೇರ ದೂರವನ್ನು ಹಾರಿದ ಸಮಯದಿಂದ ಭಾಗಿಸಬೇಕು, ವೇಗ ಹೆಚ್ಚಿದ್ದ ಹಕ್ಕಿ ಗೆಲ್ಲಬೇಕು ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

ಅವಳು ಚೀಲದಿಂದ ನಕಾಶೆ ತೆಗೆದು ಹರಡಿದಳು. ಆ ನಗರದ ಮೇಲೆ ಗುಂಡುಸೂಜಿ ಚುಚ್ಚಿ ದಾರ ಎಳೆದಳು. ದಾರ ಔಷಧಿ ಅಂಗಡಿಯ ಬೀದಿಯನ್ನು ಹಾದು, ಹೊಳೆ ದಾಟಿ, ನೆಟ್ಟಗೆ ಅವಳ ಮನೆ ಮುಟ್ಟಿತು.

"ನನ್ನ ಗೂಡಿಗೆ ಇನ್ನೂರ ಇಪ್ಪತ್ತೆರಡು. ಆರು ಕಿಲೋಮೀಟರ್ ಹೆಚ್ಚು ಹಾರಿ ನಾಲ್ಕೇ ನಿಮಿಷ ತಡ."

ಯಜಮಾನರು ಅಡಿಪಟ್ಟಿ ಇಟ್ಟು ದಾರ ಅಳೆದರು. ಕ್ಯಾಲ್ಕುಲೇಟರ್ ಒತ್ತಿದರು. ಅವರ ಹಕ್ಕಿ ನಿಮಿಷಕ್ಕೆ ಎಂಟುನೂರು ಮೀಟರ್, ಅವಳದು ಎಂಟುನೂರ ಹತ್ತು. ಮೂರು ಸಲ ಒತ್ತಿದರೂ ಲೆಕ್ಕ ಅಷ್ಟೇ ಬಂತು.

"ಅಂದ್ರೆ?" ಎಂದ ಅಣ್ಣ.

"ಅಂದ್ರೆ ಸಾರ್ ಹಕ್ಕಿ ಇಳಿಯೋಕೆ ಮೂರು ನಿಮಿಷ ಮುಂಚೇನೇ ನಮ್ಮದು ಅವರ ತಲೆ ಮೇಲೆ ಹಾದು ಹೋಗಿತ್ತು. ನಾವು ಗೆದ್ವಿ ಅಣ್ಣ." ಅವಳ ಮುಖದ ತುಂಬ ನಗು.

ಅಣ್ಣ ಫೋನ್ ತೆಗೆದ. "ಟ್ಯಾಂಕ್ ಹಿತ್ತಲಲ್ಲೇ ಇಟ್ಟುಬಿಡಿ," ಎಂದ ಗತ್ತಿನಿಂದ. "ಮಾಳಿಗೆ ಮೇಲೆ ಜಾಗ ಇಲ್ಲ. ಚಾಂಪಿಯನ್ ಇದ್ದಾರೆ."

ಯಜಮಾನರು ದಫ್ತರ ತೆರೆದು ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದರು. ಪೆನ್ನು ಅಲ್ಲೇ ನಿಂತಿತು.

"ನಮ್ಮ ಮಾಳಿಗೆ ಮೇಲೆ ಬೂದು ಹಕ್ಕಿ ಒಂದು ಬಂದಿದ್ದು ನಿಜ," ಎಂದರು ತಲೆ ಎತ್ತದೆ. "ನನ್ನ ಹಕ್ಕಿ ಇಳಿಯೋಕೆ ಅಡ್ಡ ಆಗುತ್ತೆ ಅಂತ ನಾನೇ ಚಪ್ಪಾಳೆ ತಟ್ಟಿ ಓಡಿಸಿದೆ."