ಕೇಳಬಾರದ ಮಾತು

“ನಿಮ್ಮ ಮಗ ಸತ್ತರ ನನ್ನ ಮಗಳಿಗೆ ತಿಂಗಳಾ ಏನು ಬರ್ತೈತ್ರಿ, ಮಾಸ್ತರ?”

ಹೆಣ್ಣು ನೋಡಲು ಬಂದವರ ಮುಂದೆ ಒಗ್ಗರಣಿ ಮಂಡಕ್ಕಿಯ ತಟ್ಟೆ ಇಟ್ಟು, ಸೆರಗು ಸರಿಮಾಡಿಕೊಂಡು ಕೂತ ಕರೆಮ್ಮ ಕೇಳಿದ ಮೊದಲ ಮಾತೇ ಅದು. ಕಂಪ್ಲಿಯಿಂದ ಬಂದಿದ್ದ ನಿವೃತ್ತ ಮಾಸ್ತರ ಹೊನ್ನೂರಪ್ಪನವರ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರ ಹೋಗಿ ನಿಂತಿತು. ಪಕ್ಕದಲ್ಲಿದ್ದ ಮಗ ಪಂಪೇಶ್, ಸಂಡೂರಿನ ತಾಲ್ಲೂಕು ಕಚೇರಿಯ ಗುಮಾಸ್ತ, ತಾನಿನ್ನೂ ಉಸಿರಾಡುತ್ತಿದ್ದೇನೆಯೇ ಎಂದು ನೋಡಿಕೊಳ್ಳುವವನಂತೆ ಅಂಗಿಯ ಗುಂಡಿ ಮುಟ್ಟಿಕೊಂಡ. ಚಹಾ ಹಿಡಿದು ಹೊರಬರುತ್ತಿದ್ದ ಮಗಳು ಭವ್ಯ ಒಳಬಾಗಿಲಲ್ಲೇ ಉಳಿದಳು.

“ಶುಭಕಾರ್ಯಕ್ಕ ಬಂದೀವಿ, ತಾಯಿ,” ಎಂದರು ಮಾಸ್ತರರು. “ಬಿಡ್ತು ಅನ್ರಿ.”

“ಯಾಕ ಅನ್ಲಿ? ಎಲ್ಲಾರೂ ಸಾಯೋರ. ಹೊಲ ಎಷ್ಟೈತಿ ಅಂತ ಕೇಳಲಿಲ್ಲ, ಮನಿ ಎಷ್ಟಂಕಣ ಅಂತ ಕೇಳಲಿಲ್ಲ. ಹುಡುಗ ಚಲೋ ಅದಾನ. ಇದೊಂದು ಹೇಳಿಬಿಡ್ರಿ.”

ಕರೆಮ್ಮನ ಪಾಲಿಗೆ ಅದು ಅಶುಭದ ಮಾತಾಗಿರಲಿಲ್ಲ. ಅವಳ ಗಂಡ ಉಚ್ಚೆಂಗೆಪ್ಪ ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗ್ಯಾಂಗ್‌ಮನ್ ಆಗಿದ್ದವನು, ಭವ್ಯ ಇನ್ನೂ ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡ. ಆದರೆ ತಿಂಗಳ ಮೊದಲ ದಿನ ಈ ಮನೆಯಲ್ಲಿ ‘ಅಪ್ಪ ಬಂದ’ ಎನ್ನುವುದು ರೂಢಿ. ಪೆನ್ಷನ್ ತೆಗೆದುಕೊಂಡು ಬರುವಾಗ ಕರೆಮ್ಮ ಏನಾದರೂ ಕಟ್ಟಿಸಿಕೊಂಡು ಬಂದು, ‘ನಿಮ್ಮಪ್ಪ ಕಳಿಸ್ಯಾನ, ತಿನ್ನು’ ಎನ್ನುತ್ತಿದ್ದಳು. ಶಾಲೆಗೆ ಸೇರಿದ ಮೇಲೂ ಎಷ್ಟೋ ದಿನ ಮಗಳು, ಅಪ್ಪ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾನೆಂದೇ ನಂಬಿದ್ದಳು. ಯಾವ ಅಣ್ಣನ ಮುಂದೆಯೂ, ಯಾವ ಮೈದುನನ ಮುಂದೆಯೂ ಕರೆಮ್ಮ ಕೈಯೊಡ್ಡಲಿಲ್ಲ. ಸತ್ತೂ ಮನೆ ನಡೆಸಿದ ಗಂಡ ಅವನು. ಚಿತ್ತವಾಡ್ಗಿಯ ಅವಳ ಓಣಿಯಲ್ಲಿ ಬದುಕಿದ್ದ ಗಂಡಂದಿರು ಕೂಡ ಅಷ್ಟು ನೆಟ್ಟಗೆ ನಡೆಸುತ್ತಿರಲಿಲ್ಲ. ಮಗಳಿಗೂ ಅಂಥವನೇ ಸಿಗಬೇಕು, ಇಲ್ಲದಿದ್ದರೆ ಈ ಸಂಬಂಧವೇ ಬೇಡ ಎಂದು ನಿರ್ಧರಿಸಿಯೇ ಅವಳು ಕೂತಿದ್ದಳು.

ಮಾಸ್ತರರಿಗೆ ಈಗ ಜೀವ ಬಂತು. “ಅಷ್ಟ ಅಲ್ಲೇನು? ಸರಕಾರಿ ನೌಕರಿ, ತಾಯಿ! ನನಗ ಹೆಂಗ ಬರ್ತೈತೋ ಹಂಗ ಇವನಿಗೂ—”

“ಬರಂಗಿಲ್ಲ, ಯಪ್ಪಾ,” ಪಂಪೇಶ್ ಮೊದಲ ಬಾರಿಗೆ ಬಾಯಿ ಬಿಟ್ಟ. “ನಿಂದು ಹಳೇ ಪೆನ್ಷನ್, ನಂದು ಹೊಸಾದು. ಸುಳ್ಳು ಯಾಕ ಹೇಳ್ತಿ?” ಆಮೇಲೆ ಕರೆಮ್ಮನ ಕಡೆ ತಿರುಗಿದ. “ನೌಕರಿಯಾಗ ಇದ್ದಾಗ ಹೋದ್ರ ಮನಿಯವರಿಗೆ ಪೆನ್ಷನ್ ಐತ್ರಿ. ರಿಟೈರಾದ ಮ್ಯಾಲೆ ಹೋದ್ರ ಹೇಳಾಕ ಬರಂಗಿಲ್ಲ. ಪಗಾರದಾಗ ಹಿಡದಿದ್ದನ್ನ ಷೇರು ಪ್ಯಾಟ್ಯಾಗ ಹಾಕಿರ್ತಾರ. ಅವತ್ತಿಗೆ ಪ್ಯಾಟಿ ಹೆಂಗೋ, ನಾವೂ ಹಂಗ.”

“ಅಂದ್ರ ನೀನು ಹೊತ್ತು ನೋಡಿ ಸಾಯಬೇಕೇನಪಾ?”

ಪಂಪೇಶ್‌ಗೆ ನಗು ಬಂತು. ಮಾಸ್ತರರು ನಗಲಿಲ್ಲ.

“ಇದ ಹುಚ್ಚು ನೋಡ್ರಿ ಇವಂದು. ಕಪ್ಪು ಪಟ್ಟಿ ಕಟ್ಟಿಗೊಂಡು ಬೆಂಗಳೂರಿಗೆ ಹೋಗಿದ್ದ, ಹಳೇದ ಕೊಡ್ರಿ ಅಂತ. ಎಲ್ಲಾರಿಗೂ ಕೊಟ್ಟರ ಖಜಾನಿ ಉಳಿತೈತೇನು? ನಾಳೆ ನಮ್ಮದಕ್ಕೂ ಕತ್ತರಿ ಬೀಳ್ತೈತಿ.”

“ನಿಮ್ಮದಕ್ಕ ಕತ್ತರಿ ಬೀಳಬಾರದು, ನಮ್ಮದು ಹುಟ್ಟಲೇಬಾರದು. ಹಂಗೇನು?”

“ಜಲ್ಮ ಎಲ್ಲಾ ಸೀಮೆಸುಣ್ಣದ ಧೂಳು ಕುಡದೀನಲೇ. ಬಿಟ್ಟಿ ತಿನ್ನಾಕತ್ತಿಲ್ಲ ನಾನು.”

“ನಾನೇನು ಬಿಟ್ಟಿ ಕುಂತೀನೇನು?”

ಬೇರೆಯವರ ಮನೆಯಲ್ಲಿದ್ದೇವೆಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಮಾಸ್ತರರು ಮಿರ್ಚಿಯನ್ನು ತಟ್ಟೆಗೆ ಇಳಿಸಿದರು. ಮಗ ನೆಲ ನೋಡಿದ. ಕರೆಮ್ಮ ಹುಡುಗನನ್ನೇ ನೋಡುತ್ತಿದ್ದಳು. ಅಪ್ಪನ ಮಾತಿಗೆ ಹೂಂ ಅಂದಿದ್ದರೆ ಅವಳಿಗೇನೂ ತಿಳಿಯುತ್ತಿರಲಿಲ್ಲ. ಆದರೂ ಅವನು ಹೂಂ ಅನ್ನಲಿಲ್ಲ. ಮನಸ್ಸಿಗೆ ಹಿಡಿಸಿದವನನ್ನು ಬೇಡವೆನ್ನುವುದು ಹೇಗೆಂದು ಅವಳು ಮಾತು ಹುಡುಕಿದಳು.

“ನೀವೇನೋ ಒಳ್ಳೇರ ಅದೀರಿ. ಆದ್ರ—”

ಭವ್ಯ ಬಂದು ಚಹಾದ ಲೋಟಗಳನ್ನು ಇಟ್ಟಳು. ಇಟ್ಟು ಒಳಗೆ ಹೋಗಲಿಲ್ಲ. ಯಶವಂತನಗರದ ಶಾಲೆಯಲ್ಲಿ ಲೆಕ್ಕ ಕಲಿಸುವವಳು ಅವಳು, ಶನಿವಾರದ ಪಾಠ ಮುಗಿಸಿ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಸೀರೆಯ ಅಂಚಿನಲ್ಲಿ ಅದಿರು ಲಾರಿಗಳ ಕೆಂಪು ಧೂಳು ಹಾಗೇ ಇತ್ತು.

“ಅವ್ವಾ, ನಾನೂ ಸರಕಾರದ ನೌಕರಿ ಮಾಡ್ತೀನಿ,” ಎಂದಳು. ದನಿ ಏರಿಸಲಿಲ್ಲ. “ನಂದೂ ಇವರಂಗ ಹೊಸಾದು. ನಾನು ಮೊದಲು ಸತ್ತರ ಇವರಿಗೇನು ಬರ್ತೈತಿ ಅಂತ ಒಬ್ಬರೂ ಕೇಳಲಿಲ್ಲಲ್ಲ.”

ಕರೆಮ್ಮ ‘ಬಿಡ್ತು ಅನ್ನು’ ಎನ್ನಲು ಹೋದಳು. ಆಗಷ್ಟೇ ಮಾಸ್ತರರು ತನಗೆ ಹೇಳಿದ ಮಾತೇ ಅದೆಂದು ನೆನಪಾಯಿತು. ಕಂಪ್ಲಿಯ ಗದ್ದೆಗಳಲ್ಲಿ ಕೂಲಿ ಮಾಡಿ ಸತ್ತ ಅವಳ ತಾಯಿ ಬಿಟ್ಟುಹೋದದ್ದು ಒಂದು ಕುಡುಗೋಲು. ಈಗ ತಾನು ಸತ್ತರೂ ಯಾರಿಗೂ ಏನೂ ಬರುವುದಿಲ್ಲ, ಬರುತ್ತಿದ್ದ ಗಂಡನ ಪೆನ್ಷನ್ ನಿಲ್ಲುತ್ತದೆ, ಅಷ್ಟೇ. ಸತ್ತ ಮೇಲೂ ಮನೆ ನಡೆಸುವುದು ಗಂಡಸರಿಂದ ಮಾತ್ರ ಆಗುವ ಕೆಲಸವೆಂದು ಅವಳು ತಿಳಿದಿದ್ದಳು. ಎದುರಿಗೆ ನಿಂತ ಮಗಳನ್ನು ಅವಳು ಕೆಂಪಡರಿದ ಅಂಚಿನಿಂದ ಮುಖದವರೆಗೆ, ಹೆಣ್ಣು ನೋಡಲು ಬಂದವಳೇ ತಾನೆಂಬಂತೆ ನೋಡಿದಳು. ಕೂತಲ್ಲೇ ಅವಳ ಬೆನ್ನು ನೆಟ್ಟಗಾಯಿತು.

“ಕೇಳ್ರಿ ಮಾಸ್ತರ,” ಎಂದಳು ಕರೆಮ್ಮ. “ಈಗ ಕೇಳೋ ಪಾಳಿ ನಿಮ್ಮದು.”